ಭಯ ಕಳೆದ ಮೇಲೆ ಹುಟ್ಟಿದ ಮರಿಗಳು

ಆಫ್ರಿಕಾದ ಸಫಾರಿ ಎಂದ ಕೂಡಲೇ ನಮಗೆ ನೆನಪಾಗುವುದು ಟಿ.ವಿ.ಯಲ್ಲಿ ನೋಡಿದ ದೃಶ್ಯಗಳು. ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು, ಪ್ರಾಣ ಉಳಿಸಿಕೊಳ್ಳಲು ಓಡುವ ಜಿಂಕೆ, ಬೆನ್ನಟ್ಟುವ ಸಿಂಹ. ಟಿ.ವಿ.ಯ ಕ್ಯಾಮರಾ ಸಾಮಾನ್ಯವಾಗಿ ತೋರಿಸದ ಇನ್ನೊಂದು ದೃಶ್ಯವೂ ಇದೆ. ಕೆನ್ಯಾದ ಮಸಾಯಿ ಮಾರಾದಂತಹ ಪ್ರಸಿದ್ಧ ವನ್ಯಧಾಮಗಳಲ್ಲಿ ಒಂದು ಚೀತಾ ಪೊದೆಯ ನೆರಳಿನಲ್ಲಿ ಮಲಗಿದೆಯೆಂದು ಗೊತ್ತಾದರೆ ಸಾಕು, ಹತ್ತಾರು ವಾಹನಗಳು ಅದನ್ನು ಸುತ್ತುವರಿಯುತ್ತವೆ. ಫೋಟೋ ತೆಗೆಯುವವರ ನೂಕುನುಗ್ಗಲು, ಇಂಜಿನ್ನಿನ ಸದ್ದು, ಧೂಳು. ಕಾಡು ನೋಡಲು ಹೋದವರು ಮದುವೆ ಹಾಲಿನ ಪಾರ್ಕಿಂಗ್ ಜಾಗದಲ್ಲಿ ಸಿಕ್ಕಿಕೊಂಡಂತೆ ಆಗುತ್ತದೆ.

ಈ ತಿಂಗಳು ನಿಮಗೆ ಪರಿಚಯಿಸಲು ಹೊರಟಿರುವುದು ಅಂತಹ ಜಂಗುಳಿ ಇಲ್ಲದ ಒಂದು ಕಾಡನ್ನು. ಅದರ ಹೆಸರು ಝಕೂಮಾ. ಇರುವುದು ಚಾಡ್ ದೇಶದಲ್ಲಿ. ನಮ್ಮ ಶಾಲೆಯ ಭೂಪಟದಲ್ಲಿ ಆಫ್ರಿಕಾದ ನಡುವೆ, ಲಿಬಿಯಾದ ಕೆಳಗೆ, ಸುಡಾನಿನ ಪಕ್ಕದಲ್ಲಿ ಕಾಣುವ ದೊಡ್ಡ ದೇಶವೇ ಚಾಡ್. ಸಮುದ್ರವಿಲ್ಲದ ದೇಶ. ಉತ್ತರದಲ್ಲಿ ಸಹರಾ ಮರುಭೂಮಿ, ದಕ್ಷಿಣದಲ್ಲಿ ಮಳೆ ಬೀಳುವ ಬಯಲು. ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮುಸ್ಲಿಮರು. ಫ್ರೆಂಚ್ ಮತ್ತು ಅರಬಿ ಅಲ್ಲಿನ ಆಡಳಿತ ಭಾಷೆಗಳು. ರಾಜಧಾನಿಯ ಹೆಸರು ಎನ್‌ಜಮೀನಾ. ಫ್ರೆಂಚರ ಕಾಲದಲ್ಲಿ ಅದನ್ನು ಫೋರ್ಟ್ ಲಾಮಿ ಎನ್ನುತ್ತಿದ್ದರು. 1973ರಲ್ಲಿ ಆ ಹೆಸರನ್ನು ತೆಗೆದು, ಸಮೀಪದ ಅರಬರ ಹಳ್ಳಿಯೊಂದರ ಹೆಸರನ್ನು ಊರಿಗೆ ಇಟ್ಟರು. ವಿಶ್ರಾಂತಿಯ ಸ್ಥಳ ಎಂದು ಅದರ ಅರ್ಥ.

ದೂರದ ದಾರಿ

ಎನ್‌ಜಮೀನಾದಿಂದ ಝಕೂಮಾಕ್ಕೆ ಸುಮಾರು 800 ಕಿಲೋಮೀಟರ್. ಅತಿಥಿಗಳಲ್ಲಿ ಹೆಚ್ಚಿನವರು ಸಣ್ಣ ವಿಮಾನದಲ್ಲಿ ಹೋಗಿ ಮಣ್ಣಿನ ರನ್‌ವೇಯಲ್ಲಿ ಇಳಿಯುತ್ತಾರೆ. ಉದ್ಯಾನದ ವಿಸ್ತೀರ್ಣ ಸುಮಾರು 3,000 ಚದರ ಕಿಲೋಮೀಟರ್. 1963ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಇಷ್ಟು ದೊಡ್ಡ ಕಾಡಿನಲ್ಲಿ ಹೊರಗಿನವರು ಉಳಿದುಕೊಳ್ಳುವ ಜಾಗಗಳು ಬೆರಳೆಣಿಕೆಯಷ್ಟು ಮಾತ್ರ. ಅವುಗಳಲ್ಲಿ ಒಂದಾದ ಕ್ಯಾಂಪ್ ನೊಮಾಡ್ ಎಂಬ ಗುಡಾರಗಳ ಬಿಡಾರದಲ್ಲಿ ಒಂದು ಸಲಕ್ಕೆ ಎಂಟೇ ಮಂದಿ ತಂಗಬಹುದು. ನೊಮಾಡ್ ಎಂದರೆ ಅಲೆಮಾರಿ. ಒಂಟೆ, ದನಗಳೊಂದಿಗೆ ಮೇವು ಹುಡುಕುತ್ತಾ ಋತುವಿಗನುಸಾರ ಊರೂರು ಸಾಗುವ ಅರಬ್ ಕುಟುಂಬಗಳು ಈ ಪ್ರದೇಶದಲ್ಲಿ ಇಂದಿಗೂ ಇವೆ. ಹೆಂಗಸರು, ಮಕ್ಕಳು, ಪಾತ್ರೆ, ಚಾಪೆ ಎಲ್ಲವೂ ಪ್ರಾಣಿಗಳ ಬೆನ್ನ ಮೇಲೆ. ಅವರ ಹಳೆಯ ದಾರಿಗಳು ಉದ್ಯಾನದ ಅಂಚಿನಲ್ಲೇ ಹಾದುಹೋಗುತ್ತವೆ.

ಝಕೂಮಾಕ್ಕೆ ಬೇಕೆಂದಾಗಲೆಲ್ಲ ಹೋಗಲಾಗುವುದಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ. ಆಗ ನದಿಗಳು ಉಕ್ಕಿ ಬಯಲೆಲ್ಲ ಕೆರೆಯಾಗುತ್ತದೆ. ದಾರಿಗಳು ಕೆಸರಿನಲ್ಲಿ ಮುಳುಗುತ್ತವೆ. ನವೆಂಬರ್ ಬಳಿಕ ನೀರು ಮೆಲ್ಲಮೆಲ್ಲನೆ ಇಳಿಯುತ್ತದೆ. ಮಾರ್ಚ್, ಎಪ್ರಿಲ್ ಆಗುವಾಗ ಬಿಸಿಲು 40 ಡಿಗ್ರಿ ದಾಟುತ್ತದೆ, ನದಿಪಾತ್ರದಲ್ಲಿ ಅಲ್ಲೊಂದು ಇಲ್ಲೊಂದು ಗುಂಡಿಯಷ್ಟೇ ಉಳಿಯುತ್ತದೆ. ಸುತ್ತಲಿನ ಜೀವಗಳೆಲ್ಲ ಬಾಯಾರಿ ಅಲ್ಲಿಗೇ ಬರಬೇಕು. ಕಾಡೆಮ್ಮೆಗಳ ದೊಡ್ಡ ದೊಡ್ಡ ಹಿಂಡುಗಳು, ಜಿರಾಫೆಗಳು, ಹಲವು ಜಾತಿಯ ಜಿಂಕೆಗಳು, ನೀರಿನಲ್ಲಿ ಒತ್ತೊತ್ತಾಗಿ ಮಲಗಿದ ಮೊಸಳೆಗಳು, ದಡದಲ್ಲಿ ಕಾಯುವ ಸಿಂಹಗಳು. ಕೊರ್ಡೋಫಾನ್ ಎಂಬ ಜಾತಿಯ ಜಿರಾಫೆಗಳು ಜಗತ್ತಿನಲ್ಲಿ ಉಳಿದಿರುವುದೇ ಕೆಲವು ಸಾವಿರ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಈ ಒಂದೇ ಕಾಡಿನಲ್ಲಿ.

ಸಂಜೆಯ ಹೊತ್ತು ಹಕ್ಕಿಗಳದ್ದು. ಕ್ವೀಲಿಯಾ ಎಂಬ ಗುಬ್ಬಚ್ಚಿ ಗಾತ್ರದ, ಕೆಂಪು ಕೊಕ್ಕಿನ ಹಕ್ಕಿಗಳು ಲಕ್ಷ ಲಕ್ಷ ಸಂಖ್ಯೆಯಲ್ಲಿ ನೀರಿಗೆ ಇಳಿಯುತ್ತವೆ. ದೂರದಿಂದ ನೋಡಿದರೆ ಹೊಗೆ ಏಳುತ್ತಿರುವಂತೆ ಕಾಣುತ್ತದೆ. ಅವು ಒಟ್ಟಿಗೆ ಕುಳಿತರೆ ಮರದ ಗೆಲ್ಲು ಬಾಗುತ್ತದೆ. ತಲೆಯ ಮೇಲೆ ಬಂಗಾರ ಬಣ್ಣದ ಜುಟ್ಟಿರುವ ಕೊಕ್ಕರೆಗಳು, ಪೆಲಿಕನ್‌ಗಳು ಬಯಲಿನ ತುಂಬಾ ನೆರೆಯುತ್ತವೆ. ಇದನ್ನೆಲ್ಲ ನೋಡಲು ಅಲ್ಲಿರುವುದು ಒಂದೆರಡು ವಾಹನಗಳು. ರಾತ್ರಿಯಾದರೆ ಸಿಂಹದ ಗರ್ಜನೆ, ಕತ್ತೆಕಿರುಬದ ಕೂಗು. ವಿದ್ಯುತ್ ದೀಪದ ಹೊಳಪಿಲ್ಲದ ಆಕಾಶದಲ್ಲಿ ನಕ್ಷತ್ರಗಳು.

ಇಷ್ಟನ್ನು ಓದಿ ಇದೊಂದು ಪ್ರವಾಸದ ಜಾಹೀರಾತು ಎಂದು ಭಾವಿಸಬೇಡಿ. ಆ ಕಾಡಿನ ಮೌನದ ಹಿಂದೆ ಒಂದು ಕತೆಯಿದೆ. ಅದನ್ನು ತಾಯಂದಿರು ತಿಳಿಯಬೇಕು.

ಮರಿ ಹಾಕದ ಹಿಂಡು

ಅರಬಿಯಲ್ಲಿ ಆನೆಗೆ ‘ಫೀಲ್’ ಎನ್ನುತ್ತಾರೆ. ಮದ್ರಸಾಕ್ಕೆ ಹೋಗುವ ನಮ್ಮ ಪುಟ್ಟ ಮಕ್ಕಳಿಗೂ ಆ ಶಬ್ದ ಗೊತ್ತು. ಚಾಡ್‌ನ ಹಳ್ಳಿಯವರೂ ಆನೆಯನ್ನು ಕರೆಯುವುದು ಅದೇ ಹೆಸರಿನಿಂದ. ನಮ್ಮ ನಾಗರಹೊಳೆ, ಬಂಡೀಪುರದ ಆನೆಗಳಲ್ಲಿ ದಂತ ಹೊರಗೆ ಚಾಚುವುದು ಗಂಡಿಗೆ ಮಾತ್ರ. ಆಫ್ರಿಕಾದ ಆನೆಗಳಲ್ಲಿ ಹೆಣ್ಣಿಗೂ ದಂತವಿರುತ್ತದೆ. ಆದ್ದರಿಂದ ದಂತಕ್ಕಾಗಿ ಬೇಟೆಯಾಡುವವರ ಗುಂಡು ಅಲ್ಲಿ ತಾಯಿಯನ್ನೂ ಬಿಡುವುದಿಲ್ಲ.

2002ರ ಸುಮಾರಿಗೆ ಝಕೂಮಾದಲ್ಲಿ 4,000ಕ್ಕೂ ಹೆಚ್ಚು ಆನೆಗಳಿದ್ದವು. 2010ಕ್ಕಾಗುವಾಗ ಉಳಿದದ್ದು ಸುಮಾರು 450 ಮಾತ್ರ. ಎಂಟು ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತು ಹೋದವು. ರೋಗದಿಂದಲ್ಲ, ಬರಗಾಲದಿಂದಲ್ಲ. ಸುಡಾನಿನ ಕಡೆಯಿಂದ ಕುದುರೆಯೇರಿ ಬರುತ್ತಿದ್ದ ಶಸ್ತ್ರಧಾರಿ ಗುಂಪುಗಳು ಯಂತ್ರಬಂದೂಕುಗಳಿಂದ ಇಡೀ ಕುಟುಂಬಗಳನ್ನೇ ಕೊಂದು, ದಂತ ಕಡಿದು ಒಯ್ಯುತ್ತಿದ್ದವು. ಮಳೆಗಾಲದಲ್ಲಿ ಉದ್ಯಾನದೊಳಗೆ ನೀರು ತುಂಬಿದಾಗ ಆನೆಗಳು ಎತ್ತರದ ನೆಲ ಹುಡುಕಿಕೊಂಡು ಗಡಿಯಿಂದ ಹೊರಗೆ ಹೋಗುತ್ತಿದ್ದವು. ಅದೇ ಹೊತ್ತಿಗೆ ಕಾವಲುಗಾರರಿಗೂ ಕೆಸರಿನಲ್ಲಿ ಓಡಾಡಲು ಆಗುತ್ತಿರಲಿಲ್ಲ. ಬೇಟೆಗಾರರಿಗೆ ಬೇಕಾಗಿದ್ದುದೂ ಅದೇ.

ಆನೆಯ ಸಂಸಾರ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ. ಹಿಂಡನ್ನು ನಡೆಸುವುದು ಹಿರಿಯ ಹೆಣ್ಣಾನೆ. ನಮ್ಮ ಮನೆಗಳ ಅಜ್ಜಿಯಂತೆ. ಬರಗಾಲದಲ್ಲಿ ನೀರು ಎಲ್ಲಿದೆ, ಯಾವ ದಾರಿ ಅಪಾಯದ್ದು ಎಂಬ ನೆನಪು ಅವಳಲ್ಲಿರುತ್ತದೆ. ಅವಳ ಜೊತೆ ಅವಳ ಹೆಣ್ಣುಮಕ್ಕಳು, ಅವರ ಮರಿಗಳು. ಗರ್ಭ ಧರಿಸಿದ ಆನೆ ಮರಿ ಹಾಕಲು ಸುಮಾರು 22 ತಿಂಗಳು ಬೇಕು. ಒಂದು ಮರಿಗೂ ಇನ್ನೊಂದಕ್ಕೂ ನಾಲ್ಕೈದು ವರ್ಷಗಳ ಅಂತರ. ಮರಿಗೆ ವರ್ಷಗಟ್ಟಲೆ ತಾಯಿಯ ಹಾಲು ಬೇಕು. ದೊಡ್ಡ ದಂತವಿರುವುದು ಹಿರಿಯ ಆನೆಗೆ, ಆದ್ದರಿಂದ ಬೇಟೆಗಾರ ಮೊದಲು ಗುರಿಯಿಡುವುದೂ ಅವಳಿಗೇ. ಅಜ್ಜಿ ಸತ್ತರೆ ದಾರಿ ತಿಳಿದವರಿಲ್ಲ. ತಾಯಿ ಸತ್ತರೆ ಹಾಲು ಕುಡಿಯುವ ಮರಿಯೂ ಉಳಿಯುವುದಿಲ್ಲ.

ಝಕೂಮಾದಲ್ಲಿ ಉಳಿದ ಆನೆಗಳು ಏನು ಮಾಡಿದವು ಗೊತ್ತೇ? ಬೇರೆ ಬೇರೆ ಕುಟುಂಬಗಳಾಗಿ ಮೇಯುವುದನ್ನು ಬಿಟ್ಟು, ಬಹುತೇಕ ಎಲ್ಲವೂ ಸೇರಿ ಒಂದೇ ದೊಡ್ಡ ಗುಂಪಾದವು. ಭೂಕಂಪದ ಬಳಿಕ ಬಯಲಿನಲ್ಲಿ ಒಟ್ಟಾಗಿ ಮಲಗುವ ಊರವರಂತೆ, ಒಂದರ ಮೈಗೆ ಒಂದು ತಾಗಿಕೊಂಡು ನಡೆಯುತ್ತಿದ್ದವು. ಅದಕ್ಕಿಂತಲೂ ದುಃಖದ ಸಂಗತಿಯೆಂದರೆ ಅವು ಮರಿ ಹಾಕುವುದನ್ನೇ ನಿಲ್ಲಿಸಿದಂತಾಯಿತು. 2010, 2011ರ ಹೊತ್ತಿಗೆ ಆ ಇಡೀ ಗುಂಪಿನಲ್ಲಿ ಚಿಕ್ಕ ಮರಿ ಕಾಣುವುದೇ ಅಪರೂಪವಾಗಿತ್ತು. ಸತತ ಓಟ, ಆತಂಕ, ಗುಂಡಿನ ಸದ್ದು ಅವುಗಳ ದೇಹದ ಮೇಲೆ ಅಂತಹ ಪರಿಣಾಮ ಮಾಡಿತ್ತು ಎಂದು ಅವುಗಳನ್ನು ನೋಡಿಕೊಂಡವರು ಹೇಳಿದರು. ಮೇವಿತ್ತು, ನೀರಿತ್ತು, ನೆರಳಿತ್ತು. ಇಲ್ಲದಿದ್ದದ್ದು ನೆಮ್ಮದಿ ಮಾತ್ರ.

ಮಳೆಗಾಲದಲ್ಲೂ ಉಳಿದವರು

2010ರಲ್ಲಿ ಚಾಡ್ ಸರಕಾರ ಝಕೂಮಾದ ಉಸ್ತುವಾರಿಯನ್ನು ಆಫ್ರಿಕನ್ ಪಾರ್ಕ್ಸ್ ಎಂಬ ಸಂಸ್ಥೆಗೆ ವಹಿಸಿತು. ರಿಯಾನ್ ಮತ್ತು ಲೋರ್ನಾ ಲಬುಷಾನ್ ಎಂಬ ದಂಪತಿ ಬಂದು ಅಲ್ಲೇ ನೆಲೆಸಿದರು. ಅವರು ಮಾಡಿದ ಮೊದಲ ಬದಲಾವಣೆ ಕೇಳಲು ಸಣ್ಣದು. ಮಳೆಗಾಲದಲ್ಲೂ ಕಾಡು ಬಿಟ್ಟು ಹೋಗಲಿಲ್ಲ. ಆನೆಗಳು ಗಡಿಯಾಚೆ ಹೋದರೆ ಕಾವಲುಗಾರರೂ ಕುದುರೆಯೇರಿ ಅವುಗಳ ಹಿಂದೆಯೇ ಹೋಗತೊಡಗಿದರು. ಕೆಲವು ಆನೆಗಳ ಕೊರಳಿಗೆ ಉಪಗ್ರಹದ ಮೂಲಕ ಜಾಡು ತಿಳಿಸುವ ಪಟ್ಟಿ ಕಟ್ಟಲಾಯಿತು. ಸಣ್ಣ ವಿಮಾನ ಇಳಿಯಲು ಅಲ್ಲಲ್ಲಿ ನೆಲ ಸಮತಟ್ಟು ಮಾಡಲಾಯಿತು. ಸುತ್ತಲಿನ ಹಳ್ಳಿಗಳಿಗೆ ರೇಡಿಯೋ ಸಂಪರ್ಕ ಕೊಡಲಾಯಿತು. ಅಪರಿಚಿತ ಕುದುರೆಗಳ ಹೆಜ್ಜೆ ಕಂಡರೆ ಹಳ್ಳಿಯವರು ತಿಳಿಸುತ್ತಿದ್ದರು. ಆನೆ ಕೊಲ್ಲಲು ಬರುತ್ತಿದ್ದ ಗುಂಪುಗಳಿಂದ ಹಳ್ಳಿಯವರಿಗೂ ಭಯವಿತ್ತು. ಕಾಡಿಗೆ ಬಂದ ಕಾವಲು ಊರಿಗೂ ಕಾವಲಾಯಿತು.

ಕಾವಲುಗಾರರಲ್ಲಿ ಹೆಚ್ಚಿನವರು ಆ ನಾಡಿನವರೇ. ಅವರು ಕೊಟ್ಟ ಬೆಲೆ ದೊಡ್ಡದು. 2012ರ ಆಗಸ್ಟ್ ತಿಂಗಳಲ್ಲಿ ಉದ್ಯಾನದ ಹೊರಗೆ, ಈಶಾನ್ಯಕ್ಕಿರುವ ಹೆಬಾನ್ ಎಂಬ ಕಡೆ ಬೇಟೆಗಾರರ ಶಿಬಿರವೊಂದು ಪತ್ತೆಯಾಯಿತು. ಕಾವಲುಗಾರರು ಅದರ ಮೇಲೆ ದಾಳಿ ಮಾಡಿದರು. ಅಲ್ಲಿ ಸಿಕ್ಕಿದ ವಸ್ತುಗಳು ಬಂದವರು ಸುಡಾನಿನವರೆಂದು ತೋರಿಸಿದವು. ತಪ್ಪಿಸಿಕೊಂಡವರು ಸೇಡು ಇಟ್ಟುಕೊಂಡರು. ಅದೇ ವರ್ಷ ಸೆಪ್ಟೆಂಬರ್ 3ರಂದು, ಫಜರ್ ನಮಾಝಿನ ಹೊತ್ತಿಗೆ, ಹೆಬಾನ್‌ನಲ್ಲಿ ಬೀಡುಬಿಟ್ಟಿದ್ದ ಕಾವಲುಗಾರರ ಮೇಲೆ ಗುಂಡಿನ ಮಳೆ ಸುರಿಯಿತು. ಆರು ಮಂದಿ ಕಾವಲುಗಾರರು ಪ್ರಾಣ ಕಳೆದುಕೊಂಡರು. ಅವರಿಗೆ ಅಡುಗೆ ಮಾಡುತ್ತಿದ್ದ ಯುವಕ ಗುಂಡೇಟು ತಿಂದರೂ ಬದುಕಿ, ಗಾಯದೊಂದಿಗೇ ದೂರ ನಡೆದು ಸುದ್ದಿ ಮುಟ್ಟಿಸಿದ.

ಸಹೋದರಿಯರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಕೊಲ್ಲಲ್ಪಟ್ಟವರು ವುಝೂ ಮಾಡಿ ಬೆಳಗನ್ನು ಆರಂಭಿಸುವವರು. ಕೊಂದವರು ಕೂಡಾ ಬೇರೆ ಲೋಕದಿಂದ ಬಂದವರಲ್ಲ, ಪಕ್ಕದ ನಾಡಿನವರು. ನಡುವೆ ಇದ್ದದ್ದು ದಂತದ ಬೆಲೆ. ದುಡ್ಡಿನ ಆಸೆ ನುಗ್ಗಿದಲ್ಲಿ ನೆರೆಹೊರೆಯೂ ಉಳಿಯುವುದಿಲ್ಲ, ನಮಾಝಿನ ಹೊತ್ತಿನ ಮರ್ಯಾದೆಯೂ ಉಳಿಯುವುದಿಲ್ಲ. ಆ ಆರು ಮನೆಗಳಲ್ಲಿ ಅಂದು ಬೆಳಗ್ಗೆ ಚಹಾಕ್ಕೆ ನೀರಿಟ್ಟಿದ್ದ ಹೆಂಗಸರಿಗೆ ಇನ್ನೂ ಸುದ್ದಿ ತಲುಪಿರಲಿಕ್ಕಿಲ್ಲ. ಕಾಡಿನ ಕಾವಲುಗಾರನ ಕೆಲಸವನ್ನು ನಾವು ಕೆಲಸವೆಂದೇ ಪರಿಗಣಿಸುವುದಿಲ್ಲ. ಮಗ ಡಾಕ್ಟರಾಗಲಿ, ಇಂಜಿನಿಯರಾಗಲಿ, ಗಲ್ಫಿಗೆ ಹೋಗಲಿ ಎಂದು ಆಶಿಸುತ್ತೇವೆ. ಮಾತು ಬಾರದ ಜೀವವನ್ನು ಕಾಯುವುದೂ ಒಂದು ಅಮಾನತ್ ಎಂದು ಯಾವ ಮನೆಯಲ್ಲಿ ಹೇಳಿಕೊಡುತ್ತೇವೆ?

ಅಷ್ಟಾದ ಮೇಲೆ ಉಳಿದ ಕಾವಲುಗಾರರು ಓಡಿಹೋಗಬಹುದಿತ್ತು. ಹೋಗಲಿಲ್ಲ. ಅವರಿಗೆ ಇನ್ನಷ್ಟು ತರಬೇತಿ ನೀಡಲಾಯಿತು, ಕರೆದ ಕೂಡಲೇ ಹೊರಡುವ ವಿಶೇಷ ತಂಡವನ್ನು ಕಟ್ಟಲಾಯಿತು. ನಂತರದ ವರ್ಷಗಳಲ್ಲಿ ಝಕೂಮಾದ ಆನೆಗಳ ಬೇಟೆ ಬಹುತೇಕ ನಿಂತುಹೋಯಿತು. 2014ರ ಫೆಬ್ರವರಿಯಲ್ಲಿ ಉದ್ಯಾನದ 50 ವರ್ಷದ ಸಮಾರಂಭದ ಸಂದರ್ಭದಲ್ಲಿ ಅಂದಿನ ಅಧ್ಯಕ್ಷ ಇದ್ರಿಸ್ ದೆಬಿ ಅಲ್ಲೇ ಒಂದು ಟನ್ನಿಗೂ ಹೆಚ್ಚು ದಂತವನ್ನು ರಾಶಿ ಹಾಕಿ ಬೆಂಕಿ ಕೊಟ್ಟರು. ಬಡ ದೇಶವೊಂದು ಕೋಟಿಗಟ್ಟಲೆ ಬೆಲೆ ಬಾಳುವ ವಸ್ತುವನ್ನು ಸುಟ್ಟಿತು. ಇದು ಮಾರಾಟದ ಸರಕಲ್ಲ ಎಂದು ಹೇಳುವುದಕ್ಕೆ.

ಮತ್ತೆ ಮರಿಗಳು

ಆ ಬಳಿಕ ಆದದ್ದನ್ನು ಕೇಳಿ. 2013ರಿಂದ ಹಿಂಡಿನಲ್ಲಿ ಮರಿಗಳು ಕಾಣಿಸತೊಡಗಿದವು. ಮೊದಲು ಕೆಲವು, ಮರುವರ್ಷ ಇನ್ನಷ್ಟು. 2018ರ ಗಣತಿಯಲ್ಲಿ ಆನೆಗಳ ಸಂಖ್ಯೆ 550 ದಾಟಿತ್ತು. ಅವುಗಳಲ್ಲಿ ನೂರಕ್ಕೂ ಹೆಚ್ಚು ಚಿಕ್ಕ ಮರಿಗಳು. ಭಯದಿಂದ ಒಂದೇ ಗುಂಪಾಗಿದ್ದ ಆನೆಗಳು ಮೆಲ್ಲನೆ ಬೇರೆ ಬೇರೆ ಸಂಸಾರಗಳಾಗಿ ಹರಡಿ ಮೇಯತೊಡಗಿದವು. ಯಾವ ಔಷಧಿಯನ್ನೂ ಕೊಟ್ಟಿರಲಿಲ್ಲ, ಯಾವ ಚಿಕಿತ್ಸೆಯನ್ನೂ ಮಾಡಿರಲಿಲ್ಲ. ರಾತ್ರಿ ಗುಂಡಿನ ಸದ್ದು ಕೇಳಿಸದ ವರ್ಷಗಳು ಒಂದರ ಹಿಂದೆ ಒಂದು ಬಂದವು, ಅಷ್ಟೇ.

ಬೇರೆ ಪ್ರಾಣಿಗಳಿಗೂ ಇದರ ಲಾಭವಾಯಿತು. 1986ರಲ್ಲಿ ಅಲ್ಲಿದ್ದ ಕಾಡೆಮ್ಮೆಗಳು 220. ಈಗ ಅವು ಹತ್ತು ಸಾವಿರಕ್ಕೂ ಹೆಚ್ಚು. ಎಲ್ಲ ಪ್ರಯತ್ನವೂ ಸಲೀಸಾಗಿ ಫಲಿಸಿತೆಂದು ಹೇಳುವಂತಿಲ್ಲ. 1970ರ ದಶಕದಲ್ಲೇ ಚಾಡ್‌ನಿಂದ ಅಳಿದುಹೋಗಿದ್ದ ಕಪ್ಪು ಘೇಂಡಾಮೃಗಗಳನ್ನು ಮರಳಿ ತರಲು 2018ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದಿಂದ ಆರನ್ನು ವಿಮಾನದಲ್ಲಿ ಕರೆತಂದರು. ಹೊಸ ನೆಲದ ಮೇವಿಗೆ ಹೊಂದಿಕೊಳ್ಳಲಾಗದೆ ನಾಲ್ಕು ಅದೇ ವರ್ಷ ಸತ್ತವು. ಉಳಿದದ್ದು ಎರಡು. ಆದರೂ ಕೈಬಿಡಲಿಲ್ಲ. 2023ರ ಕೊನೆಯಲ್ಲಿ ಮತ್ತೆ ಐದನ್ನು ತಂದರು. ಕಳೆದದ್ದನ್ನು ಮರಳಿ ಪಡೆಯುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಒಂದು ತಲೆಮಾರಿನಲ್ಲಿ ನಾಶ ಮಾಡಿದ್ದನ್ನು ವಿಮಾನದಲ್ಲಿ ಹೊತ್ತು ತಂದರೂ ನೆಲ ಕೂಡಲೇ ಸ್ವೀಕರಿಸುವುದಿಲ್ಲ.

ಝಕೂಮಾದ ಇನ್ನೊಂದು ಸಂಗತಿ ನನಗೆ ಶಿಕ್ಷಕಿಯಾಗಿ ಬಹಳ ಇಷ್ಟವಾದದ್ದು. ವಿದೇಶಿ ಅತಿಥಿಗಳು ದೊಡ್ಡ ಮೊತ್ತ ಕೊಟ್ಟು ಬರುವ ಅದೇ ಕಾಡಿಗೆ, ಸುತ್ತಲಿನ ಹಳ್ಳಿಗಳ ಶಾಲಾ ಮಕ್ಕಳನ್ನೂ ಊರವರನ್ನೂ ಪ್ರತಿವರ್ಷ ಸಾವಿರಾರು ಸಂಖ್ಯೆಯಲ್ಲಿ ಉಚಿತವಾಗಿ ಕರೆದೊಯ್ಯುವ ಏರ್ಪಾಡು ಮಾಡಿದರು. ಅವರಿಗಾಗಿಯೇ ಉಳಿದುಕೊಳ್ಳುವ ಶಿಬಿರ ಕಟ್ಟಿದರು. ಹಳ್ಳಿಗಳಲ್ಲಿ ಶಾಲೆಗಳಿಗೂ ನೆರವಾದರು. ಬೆಳೆ ತಿನ್ನಲು ಬರುವ ಪ್ರಾಣಿ ಎಂದಷ್ಟೇ ಆನೆಯನ್ನು ಕಂಡಿದ್ದ ಮಗು, ತಾಯಿಯ ಕಾಲ ಸಂದಿಯಿಂದ ಇಣುಕುವ ಮರಿಯಾನೆಯನ್ನು ನೋಡಿ ಮನೆಗೆ ಮರಳಿದರೆ, ಆ ಮನೆಯಲ್ಲಿ ಬೇಟೆಗಾರನಿಗೆ ದಾರಿ ತೋರಿಸುವವರು ಹುಟ್ಟುವುದು ಕಷ್ಟ. ಸಾವಿರ ಬಂದೂಕಿನಿಂದ ಆಗದ ಕಾವಲು ಅದು.

ನಮಗೂ ಅದಕ್ಕೂ ಏನು ಸಂಬಂಧ?

ನಮ್ಮಲ್ಲಿ ಹೆಚ್ಚಿನವರು ಝಕೂಮಾಕ್ಕೆ ಹೋಗಲಾರೆವು. ಖರ್ಚು ಹೆಚ್ಚು, ದಾರಿ ದೂರ. ಇತ್ತೀಚೆಗೆ ಆ ಭಾಗದ ಸಂಕಟವೂ ಹೆಚ್ಚಾಗಿದೆ. 2023ರ ಎಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಆರಂಭವಾದ ಬಳಿಕ ಲಕ್ಷಾಂತರ ಮಂದಿ, ಅದರಲ್ಲೂ ಹೆಂಗಸರು ಮತ್ತು ಮಕ್ಕಳು, ಗಡಿ ದಾಟಿ ಪೂರ್ವ ಚಾಡ್‌ನಲ್ಲಿ ಆಶ್ರಯ ಪಡೆದಿದ್ದಾರೆ. ಮನುಷ್ಯರಿಗೇ ನೆಮ್ಮದಿಯಿಲ್ಲದ ಕಡೆ ಪ್ರಾಣಿಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಝಕೂಮಾದ ಅನುಭವ ಹೇಳುವುದು, ಇವೆರಡೂ ಬೇರೆ ಬೇರೆಯಲ್ಲ ಎಂದು. ಆನೆಯನ್ನು ಕೊಲ್ಲಲು ಬಂದ ಬಂದೂಕೇ ಹಳ್ಳಿಯನ್ನೂ ಬೆದರಿಸಿತು. ಅದೇ ಬಂದೂಕು ಆರು ಮನೆಗಳ ದೀಪ ಆರಿಸಿತು.

ದಂತದ ವಿಷಯದಲ್ಲಿ ನಾವೂ ಹೊರಗಿನವರಲ್ಲ. ನಮ್ಮ ದೇಶದ ಕೆಲವು ಕಡೆ ಮದುಮಗಳಿಗೆ ದಂತದ ಬಳೆ ತೊಡಿಸುವ ರೂಢಿಯಿತ್ತು. ಅದಕ್ಕೆ ದಂತ ಬರುತ್ತಿದ್ದುದು ಬಹುಪಾಲು ಆಫ್ರಿಕಾದಿಂದ. ಮೈಸೂರಿನ ಪ್ರಸಿದ್ಧ ಬೀಟೆ ಮರದ ಕೆತ್ತನೆಯಲ್ಲಿ ಆನೆ, ನವಿಲು, ಬಳ್ಳಿಗಳ ಚಿತ್ರಕ್ಕೆ ಕೂರಿಸುತ್ತಿದ್ದ ಬಿಳಿ ಚೂರುಗಳು ಹಿಂದೆ ದಂತದವೇ. 1989ರಲ್ಲಿ ಜಗತ್ತಿನ ದೇಶಗಳು ಸೇರಿ ಆಫ್ರಿಕಾದ ದಂತದ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿದವು. ನಮ್ಮ ದೇಶವೂ 1991ರಲ್ಲಿ ಆಮದಾದ ದಂತದ ವ್ಯಾಪಾರವನ್ನು ಕಾನೂನಿನಿಂದ ನಿಲ್ಲಿಸಿತು. ಮೈಸೂರಿನ ಕುಶಲಕರ್ಮಿಗಳು ಪ್ಲಾಸ್ಟಿಕ್ಕಿನ ಚೂರಿಗೆ ಹೊಂದಿಕೊಂಡರು. ಕಲೆ ಸಾಯಲಿಲ್ಲ, ಗೋಡೆಯ ಮೇಲಿನ ಚಿತ್ರದ ಅಂದವೂ ಕಡಿಮೆಯಾಗಲಿಲ್ಲ. ದಂತದ ದೊಡ್ಡ ಮಾರುಕಟ್ಟೆಯಾಗಿದ್ದ ಚೀನಾ ಕೂಡಾ 2017ರ ಕೊನೆಗೆ ತನ್ನ ದೇಶದೊಳಗಿನ ದಂತದ ವ್ಯಾಪಾರವನ್ನು ಮುಚ್ಚಿತು. ಕೊಳ್ಳುವವರ ಮನಸ್ಸು ಬದಲಾದರೆ ಕೊಲ್ಲುವವನ ಕೈ ನಿಲ್ಲುತ್ತದೆ. ಕೊಳ್ಳುವವರಲ್ಲಿ ನಾವು ಹೆಂಗಸರೂ ಇದ್ದೇವೆ. ಪ್ರವಾಸಕ್ಕೋ ವಿದೇಶಕ್ಕೋ ಹೋದಾಗ ಹಲ್ಲು, ಚರ್ಮ, ಚಿಪ್ಪುಗಳಿಂದ ಮಾಡಿದ ಚೆಂದದ ವಸ್ತು ಕಂಡರೆ, ಅದರ ಬೆಲೆ ಕೇಳುವ ಮೊದಲು ಅದು ಯಾರ ಮೈಯಿಂದ ಬಂತು ಎಂದು ಕೇಳೋಣ.

ಇನ್ನೊಂದು ವಿಷಯ. ರಜೆಯಲ್ಲಿ ಮಕ್ಕಳೊಂದಿಗೆ ನಮ್ಮದೇ ನಾಗರಹೊಳೆಗೋ ಬಂಡೀಪುರಕ್ಕೋ ಹೋಗುವವರು ಇದ್ದೀರಿ. ಆನೆ ಕಂಡಾಗ ಕೂಗುವುದು, ಸೀಟಿ ಹೊಡೆಯುವುದು, ಚಿಪ್ಸಿನ ಪೊಟ್ಟಣ ಎಸೆಯುವುದು, ಇನ್ನೂ ಹತ್ತಿರ ಹೋಗು ಎಂದು ಡ್ರೈವರನ್ನು ಒತ್ತಾಯಿಸುವುದು ನಡೆಯುತ್ತಲೇ ಇರುತ್ತದೆ. ಅಲ್ಲಿ ನಾವು ಅತಿಥಿಗಳು. ಬೇರೆಯವರ ಮನೆಗೆ ಹೋಗುವಾಗ ಅನುಮತಿ ಕೇಳಿ, ದನಿ ತಗ್ಗಿಸಿ, ಹೆಚ್ಚು ಹೊತ್ತು ಕುಳಿತು ಮನೆಯವರಿಗೆ ತೊಂದರೆ ಕೊಡದೆ ಎದ್ದು ಬರಬೇಕೆಂದು ಮಕ್ಕಳಿಗೆ ಕಲಿಸುತ್ತೇವಲ್ಲ, ಕಾಡಿಗೂ ಅದೇ ಶಿಸ್ತು ಸಾಕು.

ಮರಿ ಹಾಕದಿದ್ದ ಆ ಆನೆಗಳ ವಿಷಯ ಓದಿದಾಗಿನಿಂದ ನನ್ನ ಮನಸ್ಸಿನಲ್ಲಿ ಒಂದು ಮಾತು ಉಳಿದಿದೆ. ಮೇವು, ನೀರು ಇದ್ದರೆ ಸಾಕು, ಜೀವ ಬೆಳೆಯುತ್ತದೆ ಎಂದು ನಾವು ತಿಳಿದಿದ್ದೇವೆ. ಮನೆಗಳ ವಿಷಯದಲ್ಲೂ ಹಾಗೆಯೇ. ಊಟ ಇದೆ, ಬಟ್ಟೆ ಇದೆ, ಫೀಸು ಕಟ್ಟಿದ್ದೇವೆ, ಇನ್ನೇನು ಬೇಕು ಎನ್ನುತ್ತೇವೆ. ಗದರಿಕೆ, ಹೊಡೆತ, ಜಗಳದ ಸದ್ದು ತುಂಬಿದ ಮನೆಯಲ್ಲಿ ತಟ್ಟೆ ತುಂಬಿದ್ದರೂ ಮಗು ಬಾಡುತ್ತದೆ, ಸೊಸೆ ಸೊರಗುತ್ತಾಳೆ. ಅಂತಹ ಮನೆಯಲ್ಲಿ ಒಬ್ಬರಾದರೂ ಮಳೆಗಾಲದಲ್ಲೂ ಬಿಟ್ಟು ಹೋಗದೆ ಕಾವಲು ನಿಂತರೆ ಎಷ್ಟೋ ಬದಲಾಗುತ್ತದೆ. ಝಕೂಮಾದಲ್ಲಿ ಹಾಗೆ ನಿಂತವರು ಸಾಮಾನ್ಯ ಜನ. ಅವರಲ್ಲಿ ಆರು ಮಂದಿ ಹೆಬಾನ್‌ನ ಆ ಮುಂಜಾನೆಯಿಂದ ಮರಳಲಿಲ್ಲ. ಅವರು ಕಾದ ಹಿಂಡಿನಲ್ಲಿ ಇಂದು ಮರಿಗಳು ತಾಯಂದಿರ ನೆರಳಿನಲ್ಲಿ ನಡೆಯುತ್ತಿವೆ.